ಖಂಡೆಪೂಜೆಯ ಪಿಸ್ತೂಲು

ನನ್ನ ಹೆಂಡತಿಯ ಕೆಲಸ ಹೋದದ್ದು ನಾನು ಫೋನಿನಲ್ಲಿ ಆಡಿದ ಎರಡು ಮಾತಿನಿಂದ. ಸ್ನೇಹಿತರಿಗೆಲ್ಲ ನಾವು ಹೇಳಿಕೊಂಡು ಬಂದದ್ದು ಬೇರೆ: ಆ ದೇಶದ ಕಾಯ್ದೆ ಕುರುಡು, ಪೊಲೀಸರಿಗೆ ನಮ್ಮ ಹಬ್ಬ ಹುಣ್ಣಿಮೆ ಅರ್ಥವಾಗಲಿಲ್ಲ, ಏನು ಮಾಡುವುದು, ಪರದೇಶ. ಕೇಳಿದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಅವರ ಜೊತೆ ನಾನೂ ಆಡಿಸುತ್ತಿದ್ದೆ. ಕಾಯ್ದೆ ಕುರುಡೇನೂ ಆಗಿರಲಿಲ್ಲ. ಅದು ಕೇಳಬೇಕಾದ ಪ್ರಶ್ನೆಯನ್ನೇ ಕೇಳಿತ್ತು, ಕೇಳಬೇಕಾದವನನ್ನೇ ಕೇಳಿತ್ತು.

ತೊಂಬತ್ತರ ದಶಕದ ನಡುವಿನ ವರ್ಷಗಳು. ಅಟ್ಲಾಂಟಾದಿಂದ ಮುಕ್ಕಾಲು ಗಂಟೆ ದೂರದ ಲಾರೆನ್ಸ್‌ವಿಲ್‌ನಲ್ಲಿ ನಮ್ಮ ಮನೆ. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿದ ನಾನು ಅಲ್ಲಿಗೆ ಬಂದು ಮತ್ತೆ ಪರೀಕ್ಷೆ ಬರೆದು, ಮತ್ತೆ ರಾತ್ರಿಪಾಳಿ ಮಾಡಿ, ಕೊನೆಗೂ ಆ ರಾಜ್ಯದ ಮೆಡಿಕಲ್ ಲೈಸೆನ್ಸ್ ಪಡೆದಿದ್ದೆ. ಅದಕ್ಕೆ ಚೌಕಟ್ಟು ಹಾಕಿಸಿ ಕ್ಲಿನಿಕ್ಕಿನ ಗೋಡೆಗೆ ತೂಗುಹಾಕಿದ್ದೆ. ನನ್ನ ಹೆಂಡತಿ ಊರಲ್ಲಿ ಹೈಸ್ಕೂಲಿಗೆ ಗಣಿತ ಕಲಿಸುತ್ತಿದ್ದವಳು. ಅಮೆರಿಕಕ್ಕೆ ಬಂದ ಮೇಲೆ ವೀಸಾದ ದೆಸೆಯಿಂದ ಎಂಟು ವರ್ಷ ಮನೆಯಲ್ಲಿ ಕೂತಳು. ಎಂಟು ವರ್ಷವೂ ಆಕೆ ಗೊಣಗಲಿಲ್ಲ ಎಂದು ನಾನು ಎಲ್ಲರೆದುರು ಹೊಗಳುತ್ತಿದ್ದೆ, ಅದರಲ್ಲಿ ನನ್ನದೇನೋ ಸಾಧನೆ ಇದ್ದಂತೆ.

ಕೊನೆಗೆ ಮಗಳು ಓದುವ ಶಾಲೆಯಲ್ಲೇ ಆಕೆಗೆ ಕೆಲಸ ಸಿಕ್ಕಿತು. ಎರಡನೇ ತರಗತಿಯಲ್ಲಿ ಟೀಚರಿಗೆ ಸಹಾಯಕಿ. ಮಕ್ಕಳ ಜಾಕೆಟ್ಟಿನ ಜಿಪ್ ಹಾಕುವುದು, ಹಿಂದೆ ಬಿದ್ದವರಿಗೆ ಕೂಡಿಸು ಕಳೆ ಹೇಳಿಕೊಡುವುದು. ಎಮ್ಮೆಸ್ಸಿ ಮಾಡಿದವಳಿಗೆ ಇದೆಂಥ ಕೆಲಸ ಅಂತ ನಾನು ಮೂಗು ಮುರಿದೆ. ಆಕೆ ಮಾತ್ರ ಮೊದಲ ದಿನ ಕೊರಳಿಗೆ ಹಾಕಿಕೊಂಡು ಹೋದ ಗುರುತಿನ ಚೀಟಿಯನ್ನು ಮನೆಗೆ ಬಂದ ಮೇಲೂ ತೆಗೆಯಲಿಲ್ಲ, ಅದನ್ನು ಹಾಕಿಕೊಂಡೇ ರೊಟ್ಟಿ ಬಡಿದಳು. ಬರುವ ವರ್ಷ ಟೀಚರ್ ಪರೀಕ್ಷೆಗೆ ಕೂರಬೇಕು ಅಂತ ಪುಸ್ತಕವನ್ನೂ ತರಿಸಿದ್ದಳು.

ಪಿಸ್ತೂಲು ಬಂದದ್ದು ಅದೇ ವರ್ಷ. ನಾನು ವಾರಕ್ಕೆರಡು ದಿನ ಹೋಗುತ್ತಿದ್ದ ಅಟ್ಲಾಂಟಾದ ಆಸ್ಪತ್ರೆಯ ಪಾರ್ಕಿಂಗ್ ಡೆಕ್‌ನಲ್ಲಿ ಒಬ್ಬ ಡಾಕ್ಟರನ್ನು ಯಾರೋ ಅಡ್ಡಗಟ್ಟಿ ಕಾರನ್ನೇ ಕಿತ್ತುಕೊಂಡು ಹೋದರು. ಅದಾದ ವಾರಕ್ಕೆ ನಾನು ಅಂಗಡಿಗೆ ಹೋಗಿ ಒಂದು ಚಿಕ್ಕ ಪಿಸ್ತೂಲು ಕೊಂಡೆ. ಅಂಗಡಿಯವನು ತರಕಾರಿ ಮಾರುವವನಷ್ಟೇ ಸಲೀಸಾಗಿ ಎಲ್ಲ ವಿವರಿಸಿದ. ಕಾರಿನ ಗ್ಲೋವ್ ಬಾಕ್ಸ್‌ನಲ್ಲಿ ಇಟ್ಟುಕೊಂಡರೆ ನಮ್ಮ ರಾಜ್ಯದಲ್ಲಿ ಪರ್ಮಿಟ್ಟೂ ಬೇಡ, ಆದರೆ ಶಾಲೆಗಳ ಹತ್ತಿರ ಮಾತ್ರ ಹುಷಾರು, ಸಾವಿರ ಅಡಿಯೊಳಗೆ ಕಾಯ್ದೆ ಬೇರೆ ಎಂದ. ಪರ್ಮಿಟ್ ಇದ್ದವರಿಗೆ ಒಂದು ಮಾತು, ಇಲ್ಲದವರಿಗೆ ಒಂದು. ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದರೆ ಒಂದು ಮಾತು, ಬೀಗವಿಲ್ಲದಿದ್ದರೆ ಇನ್ನೊಂದು. ನಾನು ಹೂಂಗುಟ್ಟಿದೆ. ನನ್ನ ಗ್ಲೋವ್ ಬಾಕ್ಸ್‌ನ ಬೀಗ ಕೆಟ್ಟು ವರ್ಷವಾಗಿತ್ತು. ಶಾಲೆಯ ಗೇಟಿನ ಪಕ್ಕದ ಬೋರ್ಡಿನಲ್ಲೂ ಅದೇ ಕಾಯ್ದೆ ಬರೆದಿತ್ತು, ಮಗಳನ್ನು ಬಿಡಲು ಹೋದಾಗಲೆಲ್ಲ ಓದುತ್ತಿದ್ದೆ. ಹಾಗೆ ಹೋಗುವ ದಿನ ಪಿಸ್ತೂಲನ್ನು ಮನೆಯಲ್ಲೇ ಇಟ್ಟು ಹೋಗುವಷ್ಟು ಬುದ್ಧಿ ನನಗಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ದಾರಿಯಿಲ್ಲ.

ಸತ್ಯ ಹೇಳಬೇಕೆಂದರೆ, ಪಿಸ್ತೂಲು ಕೊಂಡಾಗಿನಿಂದ ನಾನು ಸ್ವಲ್ಪ ಎದೆಯುಬ್ಬಿಸಿ ನಡೆಯುತ್ತಿದ್ದೆ. ಊಟಕ್ಕೆ ಬಂದ ನಮ್ಮವರಿಗೆ ತೋರಿಸುತ್ತಿದ್ದೆ. ಅವರು ಮುಟ್ಟಲು ಹೆದರಿದರೆ ನನಗೆ ಖುಷಿ.

ಆ ವರ್ಷ ಖಂಡೇನವಮಿ ವಾರದ ನಡುವೆ ಬಂತು. ನಮ್ಮ ಕಡೆ ಆಯುಧಪೂಜೆಗೆ ಖಂಡೆಪೂಜೆ ಎನ್ನುತ್ತಾರೆ. ಮನೆಯಲ್ಲಿ ಯಾವುದರಿಂದ ದುಡಿದು ತಿನ್ನುತ್ತೇವೋ ಅದನ್ನೆಲ್ಲ ತೊಳೆದು, ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿಯುವುದು. ಪೂಜೆಗೆ ಇಟ್ಟದ್ದನ್ನು ಮರುದಿನ ದಶಮಿಯ ತನಕ ಕದಲಿಸುವುದಿಲ್ಲ. ವಾಹನಕ್ಕೆ ಮಾತ್ರ ವಿನಾಯಿತಿ, ಲಿಂಬೆಹಣ್ಣು ತುಳಿಸಿ ಓಡಿಸಬಹುದು. ಇಪ್ಪತ್ತು ವರ್ಷ ಇಂಥ ಕಟ್ಟಳೆಗಳನ್ನು ಗೇಲಿ ಮಾಡಿದ ಮನುಷ್ಯ ನಾನು. ಆ ಸಲ ಮಾತ್ರ ಹಿಂದಿನ ದಿನ ಅವ್ವ ಫೋನಿನಲ್ಲಿ ಹೇಳಿದ್ದಳು, "ಈ ಸಲ ಅರ ಪದ್ಧತಿಪ್ರಕಾರ ಮಾಡೋ, ಇಟ್ಟಿದ್ದನ್ನ ದಸಮಿ ತನಕ ಮುಟ್ಟಬ್ಯಾಡ." ಅವ್ವನ ಧ್ವನಿ ಬಹಳ ಇಳಿದಿತ್ತು. ನಾನು ಆಗಲಿ ಎಂದೆ.

ಬೆಳಿಗ್ಗೆ ಆರಕ್ಕೆ ಗ್ಯಾರೇಜಿನಲ್ಲಿ ಪೂಜೆ. ಎರಡು ಕಾರು, ಹುಲ್ಲು ಕತ್ತರಿಸುವ ಯಂತ್ರ, ನನ್ನ ಹಳೆಯ ಸ್ಟೆತಾಸ್ಕೋಪು, ಈಳಿಗೆ, ಆಕೆಯ ಪರೀಕ್ಷೆಯ ಪುಸ್ತಕ. ನಾನು ಪಿಸ್ತೂಲನ್ನೂ ತಂದೆ.

"ಅದನ್ನ ದೇವರ ಮುಂದ ತರಬ್ಯಾಡ್ರಿ," ಎಂದಳು.

"ಖಂಡೆ ಅಂದ್ರ ಖಡ್ಗ. ನಮ್ಮ ಮನ್ಯಾಗ ಇದ ಖಡ್ಗ," ಎಂದೆ. ಭಾರಿ ಮಾತು ಆಡಿದೆನೆಂದು ನನಗೇ ನಗು.

ಕೊನೆಗೆ ರಾಜಿ ಆಯಿತು. ದೇವರ ಮುಂದೆ ಬೇಡ, ಅದು ಇರುವ ಜಾಗದಲ್ಲೇ ಇರಲಿ. ನನ್ನ ಕಾರಿನ ಗ್ಲೋವ್ ಬಾಕ್ಸ್ ತೆರೆದು ಅದರೊಳಗೆ ಇಟ್ಟೆ. ಆಕೆ ಮುಖ ಸಿಂಡರಿಸಿಕೊಂಡೇ ಅದಕ್ಕೊಂದು ಬೊಟ್ಟು ಕುಂಕುಮ ಹಚ್ಚಿ, ಒಂದು ಚೆಂಡುಹೂವು ಇಟ್ಟಳು.

ಆಮೇಲೆ ಆಕೆಯ ಕಾರು ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಸತ್ತಿತ್ತು. ಏಳೂವರೆಗೆ ಶಾಲೆಯಲ್ಲಿರಬೇಕು. "ನಿಮ್ಮ ಗಾಡಿ ತೊಗೊಂಡು ಹೋಗ್ಲೇನ್ರಿ? ನಿಮ್ಮನ್ನ ನಿಮ್ಮ ಕ್ಲಿನಿಕ್ಕಿನ ಪಾರ್ಟ್ನರ್ ಪಿಕಪ್ ಮಾಡ್ತಾರೇನು ಕೇಳ್ರಿ," ಎಂದಳು. ನಾನು ಒಪ್ಪಿದೆ. ಆಕೆ ಮಗಳ ಜಡೆ ಹಾಕಲು ಒಳಗೆ ಓಡುತ್ತ ತಿರುಗಿ ಹೇಳಿದಳು, "ಅದನ್ನ ತಗದ ಒಳಗ ಇಟ್ಟಬಿಡ್ರಿ ಮತ್ತ."

"ಹೂಂ, ತಗೀತೀನಿ," ಎಂದೆ.

ತೆಗೆಯಲಿಲ್ಲ. ಗ್ಲೋವ್ ಬಾಕ್ಸ್ ತೆರೆದೆ, ಕುಂಕುಮ ಕಂಡಿತು, ಅವ್ವನ ಮಾತು ನೆನಪಾಯಿತು. ಹೂವು ಇನ್ನೂ ಬಾಡಿಲ್ಲ, ಈಗ ಎತ್ತಬೇಕೆ? ಶಾಲೆಗೆ ಎಂಟು ನಿಮಿಷದ ದಾರಿ, ಗ್ಲೋವ್ ಬಾಕ್ಸ್ ಯಾರು ತೆರೆಯುತ್ತಾರೆ? ಮುಚ್ಚಿದೆ. ಆಕೆ ಮಗಳನ್ನು ಕರೆದುಕೊಂಡು ಹೊರಬಂದಾಗ ನಾನು ಚಕ್ರದ ಕೆಳಗೆ ಲಿಂಬೆಹಣ್ಣು ಇಡುತ್ತಿದ್ದೆ. ಏನೂ ಹೇಳಲಿಲ್ಲ. ತೆಗೆದಿದ್ದೇನೆಂದೇ ಆಕೆ ತಿಳಿದಳು. ಯಾಕೆ ತಿಳಿಯಬಾರದು? ತೆಗೆಯುತ್ತೇನೆಂದು ಹೇಳಿದ್ದೆನಲ್ಲ.

ಶಾಲೆಯಲ್ಲಿ ಆದದ್ದನ್ನು ನಾನು ನೋಡಿಲ್ಲ. ಮಗಳಿಂದ, ಆಮೇಲೆ ವಕೀಲರ ಕಾಗದಗಳಿಂದ ತಿಳಿದದ್ದು. ಪಾರ್ಕಿಂಗ್ ಲಾಟ್‌ನಲ್ಲಿ ಡ್ಯೂಟಿಯ ಮೇಲಿದ್ದ ಪೊಲೀಸ್ ಅಧಿಕಾರಿ ನಮ್ಮ ಕಾರಿನ ಬಂಪರಿನ ಮೇಲೆ ಕೆಂಪು ಕಂಡು ಹತ್ತಿರ ಬಂದ. ಆ ತಿಂಗಳಲ್ಲಿ ಅಲ್ಲಿ ಜಿಂಕೆಗಳು ರಸ್ತೆಗೆ ಹಾರುತ್ತವೆ. "ಮೇಡಂ, ಜಿಂಕೆಗೆ ಗುದ್ದಿದಿರಾ, ನಿಮಗೇನೂ ಪೆಟ್ಟಾಗಿಲ್ಲವಲ್ಲ?" ಎಂದು ಕೇಳಿದ. ಆಕೆ ನಕ್ಕು, ಇದು ರಕ್ತವಲ್ಲ, ನಮ್ಮ ಹಬ್ಬದ ಕುಂಕುಮ ಎಂದಳು. ಅವನೂ ನಕ್ಕ. ಬಂಪರ್ ಒಂದು ಕಡೆ ಮೊದಲೇ ಜಜ್ಜಿಹೋಗಿತ್ತು, ಅದನ್ನು ನೋಡಿ ಸುಮ್ಮನೆ ವಾಡಿಕೆಗೆ ಇನ್ಶೂರೆನ್ಸ್ ಕಾರ್ಡ್ ತೋರಿಸಿ ಎಂದ. ಆಕೆ ಕೈಚಾಚಿ ಗ್ಲೋವ್ ಬಾಕ್ಸ್ ತೆರೆದಳು.

ಅಷ್ಟೇ. ಮಗಳು ಹಿಂದಿನ ಸೀಟಿನಲ್ಲಿದ್ದಳು. ಅಧಿಕಾರಿಯ ಧ್ವನಿ ಬದಲಾಯಿತು, ಕೈ ಮೇಲೆತ್ತಿ ಎಂದ. ಹಬ್ಬಕ್ಕೆಂದು ಆಕೆ ಉಟ್ಟಿದ್ದು ಹಸಿರು ಇಲಕಲ್ ಸೀರೆ. ಅದರಲ್ಲೇ ಆಕೆಯನ್ನು ಕಾರಿನಿಂದ ಇಳಿಸಿದರು. ಶಾಲೆಯ ಬಸ್ಸುಗಳಿಂದ ಮಕ್ಕಳು ಇಳಿಯುತ್ತಿದ್ದ ಹೊತ್ತು.

ಎಂಟೂಕಾಲಕ್ಕೆ ಕ್ಲಿನಿಕ್ಕಿಗೆ ಫೋನ್ ಬಂತು. ಮೊದಲ ರೋಗಿಯ ಬಿ.ಪಿ. ನೋಡುತ್ತಿದ್ದೆ. ಅಧಿಕಾರಿ ಮರ್ಯಾದೆಯಿಂದಲೇ ಮಾತಾಡಿದ. ನಿಮ್ಮ ಕಾರಿನಲ್ಲಿ ಪಿಸ್ತೂಲು ಸಿಕ್ಕಿದೆ, ಶಾಲೆಯ ಆವರಣ, ಇದು ಗಂಭೀರ ಅಪರಾಧ, ನಿಮ್ಮ ಹೆಂಡತಿ ತನಗೆ ಗೊತ್ತೇ ಇರಲಿಲ್ಲ ಎನ್ನುತ್ತಿದ್ದಾರೆ ಎಂದ. ನಂತರ ಕೇಳಿದ, "ಡಾಕ್ಟರ್, ಅದು ಕಾರಿನಲ್ಲಿದೆ ಅಂತ ಅವರಿಗೆ ಗೊತ್ತಿತ್ತಾ?"

ಎದುರಿಗೆ ಗೋಡೆಯ ಮೇಲೆ ಲೈಸೆನ್ಸು. ಅದನ್ನು ನವೀಕರಿಸುವ ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ನಿಮ್ಮ ಮೇಲೆ ಎಂದಾದರೂ ಅಪರಾಧದ ಆರೋಪ ಬಂದಿದೆಯೇ ಎಂದು. ಆಕೆಗೆ ಗೊತ್ತಿರಲಿಲ್ಲ ಎಂದರೆ ಮುಂದಿನ ಪ್ರಶ್ನೆ, ಹಾಗಾದರೆ ಯಾರಿಗೆ ಗೊತ್ತಿತ್ತು? ಅಷ್ಟು ದೂರ ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ. ಹೆಂಡತಿಯ ಬಗ್ಗೆ ಯೋಚಿಸಲು ಅಷ್ಟೂ ವೇಳೆ ಕೊಡಲಿಲ್ಲ.

"ನಮ್ಮ ಮನೆಯಲ್ಲಿ ಪಿಸ್ತೂಲಿರುವುದು ಆಕೆಗೆ ಗೊತ್ತು. ಇವತ್ತು ಬೆಳಿಗ್ಗೆ ಕಾರಿನಲ್ಲೇ ಅದನ್ನು ಆಕೆ ತನ್ನ ಕೈಯಾರೆ ಮುಟ್ಟಿದ್ದಾಳೆ," ಎಂದೆ.

ಆ ಕಡೆ ಅವನು ಬರೆದುಕೊಳ್ಳುವ ಸದ್ದು. ನಾನು ಆಡಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದನ್ನು ತೆಗೆದಿಡು ಎಂದಿದ್ದಳು, ತೆಗೆಯುತ್ತೇನೆಂದು ನಾನು ಹೇಳಿದ್ದೆ, ತೆಗೆಯಲಿಲ್ಲ: ಇಷ್ಟನ್ನು ಮಾತ್ರ ಹೇಳದೆ ಬಿಟ್ಟೆ. ಫೋನಿಟ್ಟು ಮತ್ತೆ ರೋಗಿಯ ಬಿ.ಪಿ. ನೋಡಿದೆ. ಹೌದು, ನೋಡಿದೆ. ಅದನ್ನು ನೆನೆದರೆ ಇವತ್ತಿಗೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಜಾಮೀನು ಸಿಕ್ಕಿತು. ಪಾರ್ಟ್ನರ್ ಕಾರು ಕೇಳಿ ತೆಗೆದುಕೊಂಡು ಜೈಲಿನಿಂದ ಆಕೆಯನ್ನು ಕರೆತರಲು ಹೋದೆ. ಆಕೆ ಹೊರಗೆ ಬಂದಾಗ ಸೀರೆಯ ಪಿನ್ನುಗಳನ್ನೆಲ್ಲ ತೆಗೆಸಿದ್ದರು. ಸೆರಗನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ನಡೆದು ಬಂದಳು. ಬೈಯುತ್ತಾಳೆಂದು ಕಾದೆ. "ಮರತ್ರೇನು?" ಎಂದಷ್ಟೇ ಕೇಳಿದಳು.

"ಹೂಂ, ಗಡಿಬಿಡ್ಯಾಗ ಮರತೆ," ಎಂದೆ.

"ಹೋಗ್ಲಿ ಬಿಡ್ರಿ. ಮನಷಾ ಮರೀತಾನ." ಕಾರು ಹೊರಟ ಮೇಲೆ, "ನನಗ ಗೊತ್ತಿರಲಿಲ್ಲ ಅಂತ ಅವರಿಗೆ ಹೇಳೀರಲ್ಲ? ಅವರು ನಿಮಗ ಫೋನ್ ಮಾಡ್ತೀವಿ ಅಂದ್ರು."

ನಾನು ಟ್ರಾಫಿಕ್ ನೋಡುವವನ ಹಾಗೆ ಪಕ್ಕಕ್ಕೆ ತಿರುಗಿ ಲೇನ್ ಬದಲಿಸಿದೆ. ನಾನು ಹೂಂ ಅಂದೆ ಎಂದು ಆಕೆ ತಿಳಿದಿರಬೇಕು. ಮನೆಗೆ ಹೋದವಳೇ ಮರುದಿನದ ದಶಮಿಗೆ ಹೋಳಿಗೆಯ ಬೇಳೆ ನೆನೆಹಾಕಿದಳು. ಎರಡು ದಿನದಲ್ಲಿ ಎಲ್ಲ ಸರಿಹೋಗುತ್ತದೆ, ಸೋಮವಾರದಿಂದ ಶಾಲೆಗೆ ಹೋಗಬಹುದು ಎಂಬ ಧೈರ್ಯ ಆಕೆಗೆ.

ಸೋಮವಾರ ಶಾಲೆಯಿಂದ ಕಾಗದ ಬಂತು, ತೀರ್ಮಾನ ಆಗುವವರೆಗೆ ಬರುವುದು ಬೇಡ ಎಂದು. ಮುಂದಿನ ವಾರ ವಕೀಲರ ಹತ್ತಿರ ಹೋದೆವು. ಕೋರ್ಟಿನ ಎದುರಿಗೇ ಅವರ ಆಫೀಸು. ಬಿಳಿಕೂದಲ ಹೆಂಗಸು, ಮಾತು ನಿಧಾನ, ಕಣ್ಣು ಚುರುಕು. ಪೊಲೀಸರ ವರದಿಯನ್ನು ನಮ್ಮಿಬ್ಬರೆದುರು ಗಟ್ಟಿಯಾಗಿ ಓದಿದರು. ಕುಂಕುಮದ ಬಗ್ಗೆ ಒಂದು ಸಾಲು, ಹೂವಿನ ಬಗ್ಗೆ ಒಂದು ಸಾಲು. ಆಮೇಲೆ, ಪಿಸ್ತೂಲಿನ ವಿಷಯ ಹೆಂಡತಿಗೆ ಗೊತ್ತಿತ್ತು, ಅದೇ ಬೆಳಿಗ್ಗೆ ಕಾರಿನಲ್ಲಿ ಆಕೆ ಅದನ್ನು ಮುಟ್ಟಿದ್ದಳು ಎಂದು ಗಂಡ ತಿಳಿಸಿದ್ದಾನೆ.

ಹೆಂಡತಿ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ತಪ್ಪು ಓದಿದರೇನೋ, ನಾನು ಈಗ ಸರಿಪಡಿಸುತ್ತೇನೇನೋ ಎಂದು ಕಾಯುವವಳ ಮುಖ.

"ನಾನು ಹೇಳಿದ್ದು ಕುಂಕುಮ ಹಚ್ಚಿದ ವಿಷಯ," ಎಂದು ಶುರುಮಾಡಿದೆ.

ವಕೀಲರು ಕನ್ನಡಕ ತೆಗೆದರು. ಈ ಕೇಸಿನಲ್ಲಿ ಕಾಯ್ದೆ ಕೇಳುವುದು ಒಂದೇ, ಗೊತ್ತಿದ್ದು ತಂದಳೇ ಎಂದು. ಗೊತ್ತಿದ್ದವರು ಯಾರಾದರೂ ಪೊಲೀಸನೆದುರು ತಾವೇ ಗ್ಲೋವ್ ಬಾಕ್ಸ್ ತೆರೆಯುತ್ತಾರೆಯೇ? ಅದೊಂದೇ ಸಾಕಿತ್ತು. ನೀವು ಆಕೆಗೆ ಗೊತ್ತಿರಲಿಲ್ಲ, ನಾನು ತೆಗೆಯಲು ಮರೆತೆ ಎಂದಿದ್ದರೆ ಅಂದೇ ಮುಗಿಯುತ್ತಿತ್ತು, ಕಾರು ಓಡಿಸಿದವರು ನೀವಲ್ಲ, ನಿಮಗೂ ಏನೂ ಆಗುತ್ತಿರಲಿಲ್ಲ ಎಂದರು. ಏನೂ ಆಗುತ್ತಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದರು.

"ಈಗಲೂ ಬರೆದುಕೊಡಬಹುದು. ಅಂದು ಯಾಕೆ ಬೇರೆ ಹೇಳಿದಿರಿ ಅಂತ ಕೇಳಬಹುದು, ಅಷ್ಟೇ. ಬರೆದುಕೊಡುತ್ತೀರಾ?"

ಆಗ ನಾನು ಏನು ಹೇಳಬೇಕಿತ್ತು ಎಂದು ನನಗೆ ಗೊತ್ತು. ಈ ಬರಹ ಓದುವವರಿಗೂ ಗೊತ್ತು. ನಾನು ಕೇಳಿದ್ದು, "ಅದರಿಂದ ನನ್ನ ಲೈಸೆನ್ಸಿಗೆ ಏನಾದರೂ ತೊಂದರೆ ಆಗುತ್ತದೆಯೇ?"

ವಕೀಲರು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ಹೆಂಡತಿ ಮಾತಾಡಿದಳು, ಶಾಲೆಯಲ್ಲಿ ಆಡುತ್ತಿದ್ದ ಹಾಗೆ ಬಿಡಿಬಿಡಿಸಿ, ಇಂಗ್ಲಿಷಿನಲ್ಲಿ. ಬೇಡ, ಅವರು ಹೇಳಿದ್ದು ನಿಜ, ಕುಂಕುಮ ಹಚ್ಚಿದವಳು ನಾನೇ, ಹಾಗೇ ಇರಲಿ. ಆಮೇಲೆ ನನ್ನನ್ನು ನೋಡದೆ ಕನ್ನಡದಲ್ಲಿ, "ನೀವು ಹೇಳೂದು ಮುಗದಿದ್ರ ನಡ್ರಿ, ಹುಡುಗಿ ಬರೂ ಹೊತ್ತಾತು."

ನಾನು ಎದ್ದೆ. ಆಕೆ ತಡೆದಳು, ನಾನೇನು ಮಾಡಲಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಕೆ ತಡೆದದ್ದು ನಾನು ಬರೆದುಕೊಡುವುದನ್ನಲ್ಲ. ಆ ಹೆಂಗಸಿನೆದುರು ನಾನು ಇನ್ನೂ ಒಂದು ಮಾತಾಡುವುದನ್ನು.

ಮೊದಲ ತಪ್ಪು, ಗೌರವಸ್ಥರ ಮನೆ ಎಂದು ಕೋರ್ಟು ಆಕೆಯನ್ನು ಶಿಕ್ಷೆಗೆ ಗುರಿಮಾಡಲಿಲ್ಲ. ಒಂದು ವರ್ಷ ಷರತ್ತಿನ ಮೇಲೆ ಬಿಟ್ಟರು. ವಾರಾಂತ್ಯದಲ್ಲಿ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಸೇವೆ, ಬಂದೂಕಿನ ಸುರಕ್ಷತೆಯ ಪಾಠ. ಪಿಸ್ತೂಲನ್ನು ಕೈಯಲ್ಲಿ ಹಿಡಿದೂ ನೋಡದವಳು ಆ ಪಾಠಕ್ಕೆ ನೋಟ್‌ಬುಕ್ ಹಿಡಿದು ಹೋದಳು. ವರ್ಷ ತುಂಬುವವರೆಗೆ ಯಾವ ಶಾಲೆಯ ಆವರಣಕ್ಕೂ ಕಾಲಿಡಕೂಡದು ಎಂಬುದು ಇನ್ನೊಂದು ಷರತ್ತು. ಶಾಲೆಯವರು ಕೆಲಸ ಮುಗಿಯಿತೆಂದು ಎರಡು ಸಾಲಿನ ಕಾಗದ ಕಳಿಸಿದರು. ಪರೀಕ್ಷೆಯ ಪುಸ್ತಕವನ್ನು ಆಕೆ ಯಾರಿಗೋ ಕೊಟ್ಟುಬಿಟ್ಟಳು. ನನ್ನ ಲೈಸೆನ್ಸು ಸಮಯಕ್ಕೆ ಸರಿಯಾಗಿ ನವೀಕರಣವಾಯಿತು.

ಮೇ ತಿಂಗಳಲ್ಲಿ ಮಗಳ ಶಾಲೆಯಲ್ಲಿ ವರ್ಷದ ಕೊನೆಯ ಹಾಡಿನ ಕಾರ್ಯಕ್ರಮ. ಮಧ್ಯಾಹ್ನ ಎರಡಕ್ಕೆ. ಮಗಳಿಗೆ ಒಂದು ಸಾಲು ಒಬ್ಬಳೇ ಹಾಡುವುದಿತ್ತು. "ನಾನೂ ಬರ್ತೀನಿ, ಹೊರಗ ಕೂಡ್ತೀನಿ," ಎಂದಳು ಹೆಂಡತಿ. ರಸ್ತೆಯಾಚೆ ಒಂದು ಚರ್ಚಿನ ಪಾರ್ಕಿಂಗ್ ಲಾಟ್ ಇತ್ತು. ಅಲ್ಲಿ ಕಾರು ನಿಲ್ಲಿಸಿದೆ. ಅಲ್ಲಿಂದ ಶಾಲೆಯ ಇಟ್ಟಿಗೆ ಗೋಡೆ ಕಾಣುತ್ತದೆ, ಕಿಟಕಿಗಳು ಆ ಕಡೆ ಇಲ್ಲ. ಆಕೆ ಕಾರಿನ ಗಾಜು ಇಳಿಸಿಕೊಂಡು ಕೂತಳು. ಹಾಡು ಕೇಳಿಸಬಹುದು ಎಂದುಕೊಂಡಿರಬೇಕು.

ನಾನು ಕ್ಯಾಮ್‌ಕಾರ್ಡರ್ ಹಿಡಿದು ಒಳಗೆ ಹೋದೆ. ಮಗಳು ಚೆನ್ನಾಗಿ ಹಾಡಿದಳು. ಮುಗಿದ ಮೇಲೆ ಅವಳು ನನ್ನ ಕೈ ಹಿಡಿದು ಕಾರಿಡಾರಿನಲ್ಲಿ ಬರುತ್ತಿರುವಾಗ ಎರಡನೇ ತರಗತಿಯ ಟೀಚರ್ ಅಡ್ಡ ಬಂದು, ನಿಮ್ಮ ಹೆಂಡತಿ ಹೇಗಿದ್ದಾರೆ, ಅವರಿಲ್ಲದೆ ನನ್ನ ಕ್ಲಾಸು ಅರ್ಧ ಆಗಿದೆ ಎಂದರು. ಅಡುಗೆಮನೆಯ ಹೆಂಗಸು ಬಾಗಿಲಿಗೆ ಬಂದು ಕೇಳಿದಳು. ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಹುಡುಗಿ ಓಡಿಬಂದು ನನ್ನ ಮುಂದೆ ಕೈ ಚಾಚಿ, ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಒಂದೊಂದೇ ಮುಟ್ಟುತ್ತ ಹನ್ನೆರಡರ ತನಕ ಎಣಿಸಿ ತೋರಿಸಿದಳು. ಇದನ್ನು ಅವರೇ ಕಲಿಸಿದ್ದು, ಅವರು ಯಾವಾಗ ಬರುತ್ತಾರೆ ಎಂದಳು. ಅವರಿಗೆ ಮೈಗೆ ಹುಷಾರಿಲ್ಲ ಎಂದೆ. ಬಾಗಿಲು ಮುಟ್ಟುವಷ್ಟರಲ್ಲಿ ಇನ್ನೂ ಎಷ್ಟೋ ಜನ ಕೇಳಿದರು, ಎಲ್ಲರಿಗೂ ಅದನ್ನೇ ಹೇಳಿದೆ. ಮಗಳು ನನ್ನ ಕೈ ಬಿಟ್ಟಳು.

ಕಾರು ಹತ್ತಿದೆವು. ಮಗಳು ಹಿಂದಿನ ಸೀಟಿನಲ್ಲಿ ಕೂತಳು. ಹೆಂಡತಿ ಹಾಡಿನ ಬಗ್ಗೆ ಕೇಳಿದಳು, ಹೇಳಿದೆ. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು, "ನನ್ನ ಯಾರರ ಕೇಳಿದ್ರೇನ್ರಿ?"

ಕೇಳಿದರು ಎಂದರೆ ನೀವೇನು ಹೇಳಿದಿರಿ ಎಂಬ ಪ್ರಶ್ನೆ ಬರುತ್ತದೆ. ನನಗೆ ಅದು ಬೇಡವಾಗಿತ್ತು.

"ಇಲ್ಲ. ಯಾರೂ ಕೇಳಲಿಲ್ಲ," ಎಂದೆ.

ಆಕೆ ತಲೆಯಾಡಿಸಿ ಸೀಟ್ ಬೆಲ್ಟ್ ಹಾಕಿಕೊಂಡಳು. ನಾನು ಕಾರು ಶುರುಮಾಡಿದೆ.

ಹಿಂದಿನಿಂದ ಮಗಳು ಹೇಳಿದಳು, "ನೋ ಅಮ್ಮಾ. ಎಲ್ಲಾರೂ ಕೇಳಿದ್ರು. ಎವ್ರಿಬಡಿ. ಅಪ್ಪ ಸುಳ್ಳು ಹೇಳ್ತಿದಾರೆ."

ಆಗ ಅವಳಿಗೆ ಹತ್ತು ವರ್ಷ. ಹೆಂಡತಿ ನನ್ನ ಕಡೆ ನೋಡಲಿಲ್ಲ. ಹಾಕಿದ ಬೆಲ್ಟನ್ನು ಬಿಚ್ಚಿ, ಪೂರ್ತಿ ಹಿಂದಕ್ಕೆ ತಿರುಗಿ ಮೊಣಕಾಲೂರಿ ಕೂತು, "ಯಾರ್ಯಾರು ಕೇಳಿದ್ರು? ಒಬ್ಬೊಬ್ಬರದ ಹೆಸರು ಹೇಳು," ಎಂದಳು. ಮಗಳು ಹೇಳುತ್ತ ಹೋದಳು. ಮನೆ ಬರುವ ತನಕ ಹೇಳಿದಳು. ಅಷ್ಟು ಹೆಸರುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.